ನಾಲ್ಕು ತಿಂಗಳ ದುಡಿಮೆ ಒಂದೇ ಸಂಜೆಯಲ್ಲಿ ಕರಗಬೇಕೆ? ಅಮೆರಿಕದ ಕಾಲೇಜು ಮಹಿಳಾ ಬ್ಯಾಸ್ಕೆಟ್‌ಬಾಲ್‌ನ ಕಾನ್ಫರೆನ್ಸ್ ಟೂರ್ನಿಗಳ ಬಗ್ಗೆ

ಅಂಕಣದಂಚು, ಬೆಂಗಳೂರು

ಮಾರ್ಚ್ ಬಂತೆಂದರೆ ನನ್ನ ನಿದ್ದೆ ಅರ್ಧಕ್ಕಿಳಿಯುತ್ತದೆ. ಅಮೆರಿಕದ ವಿಶ್ವವಿದ್ಯಾಲಯಗಳ ಮಹಿಳಾ ಬ್ಯಾಸ್ಕೆಟ್‌ಬಾಲ್ ಕಾನ್ಫರೆನ್ಸ್ ಟೂರ್ನಿಗಳು ನಡೆಯುವುದು ಆಗ, ಅವುಗಳಲ್ಲಿ ಹೆಚ್ಚಿನವು ನಮ್ಮಲ್ಲಿ ನಡುರಾತ್ರಿ ದಾಟಿದ ಮೇಲೆ. ಹಲವು ವರ್ಷಗಳಿಂದ ಇವನ್ನು ನೋಡುತ್ತಿದ್ದೇನೆ. ಒಂದು ಪ್ರಶ್ನೆ ಮಾತ್ರ ಪ್ರತಿ ಬಾರಿಯೂ ಎದೆಯಲ್ಲಿ ಮುಳ್ಳಿನಂತೆ ಉಳಿಯುತ್ತದೆ. ಅದನ್ನು ಇಲ್ಲಿ ಇಡುತ್ತಿದ್ದೇನೆ.

ವ್ಯವಸ್ಥೆ ಗೊತ್ತಿಲ್ಲದವರಿಗೆ ಎರಡು ಮಾತು. ಅಲ್ಲಿನ ವಿಶ್ವವಿದ್ಯಾಲಯಗಳು ಕಾನ್ಫರೆನ್ಸ್ ಎಂಬ ಗುಂಪುಗಳಾಗಿ ಸೇರಿಕೊಂಡಿವೆ. ಚಳಿಗಾಲವಿಡೀ ಒಂದು ಗುಂಪಿನ ತಂಡಗಳು ಪರಸ್ಪರ ಲೀಗ್ ಆಡುತ್ತವೆ. ಮಾರ್ಚ್‌ನಲ್ಲಿ ಅವೇ ತಂಡಗಳು ಒಂದೂರಿನಲ್ಲಿ ಸೇರಿ ನಾಕೌಟ್ ಆಡುತ್ತವೆ, ಸೋತವರು ಮನೆಗೆ. ಅದರ ನಂತರ ಬರುವುದು ಕಾಲೇಜು ಕ್ರೀಡೆಗಳ ಸಂಘವಾದ ಎನ್‌ಸಿಎಎ ನಡೆಸುವ ರಾಷ್ಟ್ರೀಯ ಟೂರ್ನಿ. 2025ರಲ್ಲಿ ಅದರ 68 ಸ್ಥಾನಗಳಲ್ಲಿ 31 ಕಾನ್ಫರೆನ್ಸ್ ಚಾಂಪಿಯನ್‌ಗಳಿಗೆ ನೇರವಾಗಿ ಸಿಕ್ಕವು, ಉಳಿದ 37 ಸ್ಥಾನಗಳನ್ನು ಆಯ್ಕೆ ಸಮಿತಿ ತುಂಬಿತು. ಇಲ್ಲಿ ಚಾಂಪಿಯನ್ ಎಂದರೆ ಲೀಗ್ ಪಟ್ಟಿಯಲ್ಲಿ ಮೊದಲು ಬಂದ ತಂಡವಲ್ಲ, ಆ ಕೆಲವೇ ದಿನಗಳ ನಾಕೌಟ್ ಗೆದ್ದ ತಂಡ.

ದೊಡ್ಡ ಕಾನ್ಫರೆನ್ಸ್‌ಗಳಿಗೆ ಇದರಿಂದ ಹೆಚ್ಚು ನಷ್ಟವಿಲ್ಲ, ಸೋತರೂ ಸಮಿತಿ ಕರೆಯುತ್ತದೆ. ಸಣ್ಣವುಗಳ ಗತಿ ಬೇರೆ. ನಮ್ಮ ಬೆಂಗಳೂರಿನ ಸಂಜನಾ ರಮೇಶ್ ಆಡಿದ ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯದಿಂದಾಗಿ ನಾನು ಬಿಗ್ ಸ್ಕೈ ಕಾನ್ಫರೆನ್ಸ್ ನೋಡತೊಡಗಿದೆ. ಫ್ಲ್ಯಾಗ್‌ಸ್ಟಾಫ್ ಎಂಬ ಬೆಟ್ಟದೂರಿನ ತಂಡ ಅದು. ಟೂರ್ನಿ ನಡೆಯುವುದು ಐಡಹೊ ರಾಜ್ಯದ ಬಾಯ್ಸಿಯಲ್ಲಿ. ಬಿಗ್ ಸ್ಕೈನಿಂದ ಸಾಮಾನ್ಯವಾಗಿ ಒಂದೇ ತಂಡ ರಾಷ್ಟ್ರೀಯ ಟೂರ್ನಿಗೆ ಹೋಗುತ್ತದೆ. ನಾರ್ದರ್ನ್ ಅರಿಜೋನಾ 2022ರಲ್ಲಿ ಫೈನಲ್ ತಲುಪಿ ಮೊಂಟಾನಾ ಸ್ಟೇಟ್‌ಗೆ ಸೋತಿತು. 2023ರಲ್ಲಿ ಮತ್ತೆ ಫೈನಲ್, ಸ್ಯಾಕ್ರಮೆಂಟೊ ಸ್ಟೇಟ್‌ಗೆ ಸೋಲು. 2024ರಲ್ಲಿ ಮೂರನೆಯ ಬಾರಿ, ಈಸ್ಟರ್ನ್ ವಾಷಿಂಗ್ಟನ್‌ಗೆ ಸೋಲು. ಮೂರು ವರ್ಷ, ಮೂರು ಫೈನಲ್, ಮೂರು ಸಲವೂ ಬಾಗಿಲ ಬಳಿ ಹೋಗಿ ಹಿಂದಿರುಗಿದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವುದು ಇದಕ್ಕೇ.

ನವೆಂಬರ್‌ನಿಂದ ಬೆವರು ಸುರಿಸಿದವರ ಭವಿಷ್ಯವನ್ನು ನಲವತ್ತು ನಿಮಿಷ ತೀರ್ಮಾನಿಸುವುದು ನ್ಯಾಯವೆ? ಲೀಗ್ ಗೆದ್ದವರಿಗೇ ಆ ಸ್ಥಾನ ಕೊಡಬಾರದೆ? ಆಟ ಆಡಿದವರು, ಆಡಿಸಿದವರು, ನೋಡುವವರು ಎಲ್ಲರ ಅಭಿಪ್ರಾಯ ಬೇಕು.

ಟೈಮ್‌ಔಟ್, ಧಾರವಾಡ

ನಿಮ್ಮ ಸಂಕಟ ಅರ್ಥವಾಗುತ್ತದೆ, ಆದರೆ ನಾನು ಇನ್ನೊಂದು ಪಕ್ಷ. ಲೀಗ್ ಗೆದ್ದವರಿಗೇ ಸ್ಥಾನ ಎಂದು ಮಾಡಿದರೆ ಫೆಬ್ರುವರಿಯ ಮೊದಲ ವಾರದಲ್ಲೇ ಅರ್ಧ ತಂಡಗಳ ಋತು ಮುಗಿದಂತೆ. ಏಳನೆಯ, ಎಂಟನೆಯ ಸ್ಥಾನದ ಹುಡುಗಿಯರು ಯಾವ ಆಸೆಯಿಂದ ಬೆಳಗಿನ ಅಭ್ಯಾಸಕ್ಕೆ ಏಳಬೇಕು?

ದೊಡ್ಡ ಕಾನ್ಫರೆನ್ಸ್‌ಗಳಲ್ಲೊಂದಾದ ಎಸ್‌ಇಸಿಯ 2022ರ ಫೈನಲ್ ನೆನಪಿಸಿಕೊಳ್ಳಿ. ನ್ಯಾಶ್‌ವಿಲ್‌ನಲ್ಲಿ ಪಂದ್ಯ. ಒಂದು ಕಡೆ ಡಾನ್ ಸ್ಟೇಲಿ ತರಬೇತಿಯ ಸೌತ್ ಕೆರೊಲಿನಾ, ದೇಶದ ಅಗ್ರ ತಂಡ. ಇನ್ನೊಂದು ಕಡೆ ಏಳನೆಯ ಶ್ರೇಯಾಂಕದ ಕೆಂಟಕಿ. ಕೊನೆಯ ಕ್ವಾರ್ಟರ್‌ನಲ್ಲಿ ಕೆಂಟಕಿ ತುಂಬಾ ಹಿಂದಿತ್ತು. ಅಲ್ಲಿಂದ ಒಂದೊಂದೇ ಅಂಕ ಹೆಕ್ಕುತ್ತಾ ಬಂದರು. 4.2 ಸೆಕೆಂಡ್ ಉಳಿದಿದ್ದಾಗ ಡ್ರಿಯುನಾ ಎಡ್ವರ್ಡ್ಸ್ ಮೂರು ಪಾಯಿಂಟ್‌ನ ಎಸೆತ ಹಾಕಿದರು: 64-62. ಕೆಂಟಕಿ ಆ ಪ್ರಶಸ್ತಿ ಗೆದ್ದದ್ದು 1982ರ ನಂತರ ಅದೇ ಮೊದಲು. ಲೀಗ್ ಪಟ್ಟಿಯೇ ಅಂತಿಮ ಎಂದಿದ್ದರೆ ಆ ಎಸೆತ ಇರುತ್ತಲೇ ಇರಲಿಲ್ಲ.

ಸೌತ್ ಕೆರೊಲಿನಾಗೆ ಅದರಿಂದ ಅನ್ಯಾಯವೂ ಆಗಲಿಲ್ಲ. ಮುಂದಿನ ತಿಂಗಳು ಅದೇ ತಂಡ ಯುಕಾನ್ ವಿರುದ್ಧ 64-49ರಿಂದ ಗೆದ್ದು ರಾಷ್ಟ್ರೀಯ ಚಾಂಪಿಯನ್ ಆಯಿತು. ಆ ಸೋಲೇ ಅವರನ್ನು ಎಚ್ಚರಿಸಿತು ಎಂದು ನನಗೆ ಅನಿಸುತ್ತದೆ.

ಅಂಕಣದಂಚು, ಬೆಂಗಳೂರು

ಟೈಮ್‌ಔಟ್ ಅವರೇ, ನಿಮ್ಮ ಉದಾಹರಣೆ ನನ್ನ ಮಾತಿಗೇ ಬಲ ಕೊಡುತ್ತದೆ. ಸೌತ್ ಕೆರೊಲಿನಾ ಸೋತರೂ ಮುಂದಕ್ಕೆ ಹೋಯಿತು, ಏಕೆಂದರೆ ಅದು ದೊಡ್ಡ ಮನೆ. ಬಿಗ್ ಸ್ಕೈನ ತಂಡ ಸೋತರೆ ಅದಕ್ಕೆ ಹಿತ್ತಲ ಬಾಗಿಲಿಲ್ಲ. ಒಂದೇ ನಿಯಮ, ಎರಡು ಬಗೆಯ ಪೆಟ್ಟು.

ಹಿಮದೂರಿನ ಕನ್ನಡತಿ, ಮಿನಿಯಾಪೊಲಿಸ್

ನಾನು ಇನ್ನೊಂದು ದೊಡ್ಡ ಕಾನ್ಫರೆನ್ಸ್ ಬಿಗ್ ಟೆನ್‌ನ 2024ರ ಟೂರ್ನಿಯನ್ನು ಇಲ್ಲಿನ ಟಾರ್ಗೆಟ್ ಸೆಂಟರ್‌ನಲ್ಲಿ ಕುಳಿತು ನೋಡಿದವಳು. ಟೂರ್ನಿ ಆರಂಭವಾಗುವ ಮೊದಲೇ ಎಲ್ಲ ಟಿಕೆಟ್ ಮಾರಾಟವಾಗಿದ್ದವು, ಆ ಟೂರ್ನಿಯ ಇತಿಹಾಸದಲ್ಲಿ ಹಾಗಾದದ್ದು ಅದೇ ಮೊದಲು. ಐದು ದಿನಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಬಂದರು. ಪಕ್ಕದ ಅಯೋವಾ ರಾಜ್ಯದಿಂದ ಕಾರುಗಳಲ್ಲಿ ಬಂದವರು ಊರು ತುಂಬಿಕೊಂಡಿದ್ದರು. ಎಲ್ಲಿ ನೋಡಿದರೂ ಕಪ್ಪು ಹಳದಿ ಅಂಗಿ. ಮಾರ್ಚ್ 10ರ ಭಾನುವಾರ ಫೈನಲ್, ಅಯೋವಾ ಮತ್ತು ನೆಬ್ರಾಸ್ಕಾ ನಡುವೆ. ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ಹಾಕುವ ದಿನವೂ ಅದೇ ಆಗಿತ್ತು. ಎಲ್ಲರ ಕಣ್ಣಿನಲ್ಲೂ ನಿದ್ದೆ, ಆದರೆ ಯಾರೂ ಕುರ್ಚಿಗೆ ಒರಗಿ ಕೂರಲಿಲ್ಲ.

ಎಲ್ಲರೂ ಬಂದಿದ್ದು ಅಯೋವಾದ ಕೇಟ್ಲಿನ್ ಕ್ಲಾರ್ಕ್ ಆಟ ನೋಡಲು. ಮೊದಲರ್ಧದಲ್ಲಿ ಅವರ ಕೈ ಹಿಡಿಯಲೇ ಇಲ್ಲ. ಮೂರು ಪಾಯಿಂಟ್‌ನ ಗೆರೆಯಾಚೆಯಿಂದ ಒಂಬತ್ತು ಬಾರಿ ಎಸೆದರು, ಒಂದೂ ಬುಟ್ಟಿಗೆ ಬೀಳಲಿಲ್ಲ. ಅರ್ಧ ಆಟಕ್ಕೆ ನೆಬ್ರಾಸ್ಕಾ 46, ಅಯೋವಾ 35, ಕ್ಲಾರ್ಕ್ ಖಾತೆಯಲ್ಲಿ ನಾಲ್ಕೇ ಅಂಕ. ನನ್ನ ಮುಂದಿನ ಸಾಲಿನಲ್ಲಿ ಹತ್ತು ವರ್ಷದ ಹುಡುಗಿಯೊಬ್ಬಳಿದ್ದಳು, ಬೆನ್ನ ಮೇಲೆ ಕ್ಲಾರ್ಕ್ ಅವರ 22ನೆಯ ಸಂಖ್ಯೆ. ಪ್ರತಿ ಎಸೆತ ರಿಂಗಿಗೆ ಬಡಿದು ಹೊರಬಂದಾಗಲೂ ಅವಳು ತನ್ನ ಎರಡೂ ಅಂಗೈಗಳನ್ನು ತೊಡೆಗೆ ಒರೆಸಿಕೊಳ್ಳುತ್ತಿದ್ದಳು, ಬೆವರು ತನ್ನದೇ ಎಂಬಂತೆ.

ವಿರಾಮದ ನಂತರ ಅದೇ ಕೈ ಮೂವತ್ತು ಅಂಕ ಗಳಿಸಿತು. ಕೊನೆಯ ನಿಮಿಷದಲ್ಲಿ ಅಂಕ ಸಮವಾಯಿತು, ಐದು ನಿಮಿಷದ ಹೆಚ್ಚುವರಿ ಅವಧಿ ಬಂತು, ಅಯೋವಾ 94-89ರಿಂದ ಗೆದ್ದಿತು. ಸತತ ಮೂರನೆಯ ಪ್ರಶಸ್ತಿ. ಅದೇ ತಂಡದ ಹ್ಯಾನ್ನಾ ಸ್ಟುಯೆಲ್ಕೆ ಅಂದು 25 ಅಂಕ ಗಳಿಸಿದ್ದರು, ಅವರಿಲ್ಲದಿದ್ದರೆ ಕ್ಲಾರ್ಕ್ ಆಟಕ್ಕೆ ಅರ್ಥವೇ ಇರುತ್ತಿರಲಿಲ್ಲ. ಅದನ್ನು ಜನ ಮರೆಯುತ್ತಾರೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ನೆಬ್ರಾಸ್ಕಾದ ಜಾಸ್ ಶೆಲ್ಲಿಯವರಿಗೂ ನಾವೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದೆವು.

ಆ ದಿನದ ಫಲಿತಾಂಶದಿಂದ ಯಾರ ಭವಿಷ್ಯವೂ ಮುಳುಗುವುದಿರಲಿಲ್ಲ. ಸೋತ ನೆಬ್ರಾಸ್ಕಾಗೂ ರಾಷ್ಟ್ರೀಯ ಟೂರ್ನಿಯಲ್ಲಿ ಸ್ಥಾನವಿತ್ತು. ಆದರೂ ಆಟಗಾರ್ತಿಯರು ಜೀವ ಪಣಕ್ಕಿಟ್ಟವರಂತೆ ಆಡಿದರು. ಆದ್ದರಿಂದ ಟೂರ್ನಿ ಬೇಕು ಎನ್ನುವವರ ಕಡೆ ನಾನಿದ್ದೇನೆ. ಅಂಕಣದಂಚು ಅವರ ನೋವು ಬೇರೆಯದು, ಅದಕ್ಕೆ ಪರಿಹಾರವೂ ಬೇರೆಯೇ ಇರಬೇಕು.

ಪೀಟಿ ಮೇಡಂ, ಮೈಸೂರು

ಮೂವತ್ತು ವರ್ಷ ಹೆಣ್ಣುಮಕ್ಕಳಿಗೆ ಆಟ ಕಲಿಸಿ ನಿವೃತ್ತಳಾಗಿದ್ದೇನೆ. ನೀವು ಅಮೆರಿಕದ ಹುಡುಗಿಯರಿಗೆ ಆಗುವ ಅನ್ಯಾಯದ ಬಗ್ಗೆ ಬರೆಯುತ್ತಿದ್ದೀರಿ. ಓದುತ್ತಾ ನನಗೆ ನನ್ನ ತಂಡದ ಒಂದು ಬೆಳಗು ನೆನಪಾಯಿತು.

ನಮ್ಮಲ್ಲಿ ವಿಶ್ವವಿದ್ಯಾಲಯ ತಂಡಗಳಿಗೆ ಇರುವುದು ಅಂತರ ವಿಶ್ವವಿದ್ಯಾಲಯ ಟೂರ್ನಿ. ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂದು ನಾಲ್ಕು ವಲಯಗಳು. ವಲಯದಲ್ಲಿ ಮೊದಲು ನಾಕೌಟ್, ಕೊನೆಯಲ್ಲಿ ಉಳಿದ ನಾಲ್ಕು ತಂಡಗಳ ನಡುವೆ ಲೀಗ್. ನಾನು ವ್ಯವಸ್ಥಾಪಕಿಯಾಗಿ ಹೋಗಿದ್ದ ಒಂದು ವರ್ಷ, ಹನ್ನೆರಡು ಹುಡುಗಿಯರು ರಾತ್ರಿಯಿಡೀ ರೈಲಿನಲ್ಲಿ ಕುಳಿತೇ ಪ್ರಯಾಣ ಮಾಡಿ ಬೆಳಿಗ್ಗೆ ಐದೂವರೆಗೆ ಇಳಿದರು. ಎಂಟಕ್ಕೆ ಪಂದ್ಯ. ಸಿಮೆಂಟಿನ ಅಂಕಣ, ಮೇಲೆ ಇಬ್ಬನಿ. ನಮ್ಮ ಪಾಯಿಂಟ್ ಗಾರ್ಡ್ ಹುಡುಗಿಯ ಬಲಗೈ ಉಂಗುರ ಬೆರಳು ಅಭ್ಯಾಸದಲ್ಲಿ ಉಳುಕಿತ್ತು. ಪಕ್ಕದ ಬೆರಳಿಗೆ ಸೇರಿಸಿ ಬಿಳಿ ಪಟ್ಟಿ ಸುತ್ತುತ್ತಿದ್ದೆ. ಅವಳು ಕೇಳಿದಳು, “ಮೇಡಂ, ಸೋತರೆ ಮಧ್ಯಾಹ್ನದ ರೈಲಿಗೇ ವಾಪಸ್ಸಾ?” ನಾನು ಪಟ್ಟಿಯ ತುದಿಯನ್ನು ಹಲ್ಲಿನಿಂದ ಹರಿದೆ, ಉತ್ತರ ಕೊಡಲಿಲ್ಲ. ಎರಡು ಅಂಕಗಳಿಂದ ಸೋತೆವು. ಮಧ್ಯಾಹ್ನದ ರೈಲಿಗೇ ವಾಪಸ್ಸಾದೆವು. ಅವಳ ಅಂತಿಮ ವರ್ಷ ಅದು. ವಿಶ್ವವಿದ್ಯಾಲಯದ ಅಂಗಿ ತೊಟ್ಟು ಅವಳು ಆಡಿದ್ದು ಆ ಒಂದೇ ಪಂದ್ಯ.

ಆದ್ದರಿಂದ ನಾಕೌಟ್ ಕ್ರೂರವೆ ಎಂದು ಕೇಳಿದರೆ ಹೌದು ಎನ್ನುತ್ತೇನೆ. ಆದರೆ ಬಾಯ್ಸಿಯಲ್ಲಿ ಸೋತ ಹುಡುಗಿ ಅದಕ್ಕೆ ಮೊದಲು ನಾಲ್ಕು ತಿಂಗಳು, ಇಪ್ಪತ್ತೈದಕ್ಕೂ ಹೆಚ್ಚು ಪಂದ್ಯ ಆಡಿರುತ್ತಾಳೆ. ಸೋಲಲಿಕ್ಕಾದರೂ ಅವಳ ಕೈಯಲ್ಲಿ ಒಂದು ಋತುವಿದೆ. ನಮ್ಮ ಹುಡುಗಿಯರಿಗೆ ಋತುವೇ ಇಲ್ಲ, ನಾಕೌಟ್ ಮಾತ್ರ ಇದೆ. ಅಲ್ಲಿಯ ವ್ಯವಸ್ಥೆಯಲ್ಲಿ ನಾವು ನೋಡಿ ಕಲಿಯಬೇಕಾದದ್ದು ಟೂರ್ನಿಯನ್ನಲ್ಲ, ಅದರ ಹಿಂದೆ ನಿಂತಿರುವ ಲೀಗನ್ನು.

ಒಂದೇ ರಾತ್ರಿಯ ಆಟಕ್ಕೂ ಬೆಲೆಯಿದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. 2017ರ ಜುಲೈಯಲ್ಲಿ ಏಷ್ಯಾ ಕಪ್ ಬಿ ವಿಭಾಗದ ಫೈನಲ್ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ನಡೆದಾಗ ಆರು ವಿದ್ಯಾರ್ಥಿನಿಯರನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗಿದ್ದೆ. ಭಾರತದ ಹುಡುಗಿಯರು ಕಜಕಸ್ತಾನವನ್ನು 75-73ರಿಂದ ಗೆದ್ದರು. ಹಿಂದಿರುಗುವಾಗ ಬಸ್ಸಿನಲ್ಲಿ ಮದ್ದೂರು ಬಂದರೂ ಯಾರೂ ಮಲಗಿರಲಿಲ್ಲ. ಆ ಆರರಲ್ಲಿ ಇಬ್ಬರು ಈಗ ನನ್ನಂತೆಯೇ ಶಾಲೆಗಳಲ್ಲಿ ಆಟ ಕಲಿಸುತ್ತಿದ್ದಾರೆ.

ಲೆಕ್ಕದ ಪುಸ್ತಕ, ಮಂಗಳೂರು

ಮೇಡಂ ಬರೆದದ್ದನ್ನು ಎರಡು ಬಾರಿ ಓದಿದೆ. ಅದರ ಮುಂದೆ ನನ್ನ ಅಂಕಿಅಂಶ ಸಣ್ಣದೆನಿಸುತ್ತದೆ, ಆದರೂ ಚರ್ಚೆಗೆ ಬೇಕಾದ್ದರಿಂದ ಬರೆಯುತ್ತೇನೆ.

ಲೀಗ್ ಮತ್ತು ನಾಕೌಟ್ ನಡುವೆ ಒಂದನ್ನೇ ಆರಿಸಬೇಕೆಂದಿಲ್ಲ. ಮಧ್ಯದ ದಾರಿಗಳಿವೆ. ವೆಸ್ಟ್ ಕೋಸ್ಟ್ ಕಾನ್ಫರೆನ್ಸ್ ತನ್ನ ಟೂರ್ನಿಯನ್ನು ಏಣಿಯಂತೆ ಕಟ್ಟಿತ್ತು. ಲೀಗ್‌ನಲ್ಲಿ ಮೊದಲೆರಡು ಸ್ಥಾನ ಪಡೆದವರು ನೇರವಾಗಿ ಸೆಮಿಫೈನಲ್‌ನಿಂದ ಆಡುತ್ತಿದ್ದರು, ಕೆಳಗಿನವರು ಒಂದೊಂದೇ ಮೆಟ್ಟಿಲು ಹತ್ತಿ ಬರಬೇಕಿತ್ತು. ಅಂದರೆ ನಾಲ್ಕು ತಿಂಗಳ ದುಡಿಮೆಗೆ ಬಡ್ಡಿ ಸಿಗುತ್ತದೆ, ಆದರೆ ಗೆಲುವಿನ ಭರವಸೆ ಸಿಗುವುದಿಲ್ಲ. 2024ರಲ್ಲಿ ಗೊಂಜಾಗಾ ಲೀಗ್‌ನ 16 ಪಂದ್ಯಗಳನ್ನೂ ಗೆದ್ದು ಬಂದಿತ್ತು. ಲಾಸ್ ವೇಗಸ್‌ನ ಫೈನಲ್‌ನಲ್ಲಿ ಪೋರ್ಟ್‌ಲೆಂಡ್ 67-66ರಿಂದ ಅವರನ್ನು ಸೋಲಿಸಿತು. ಒಂದೇ ಅಂಕ! ಗೊಂಜಾಗಾದ ಇಡೀ ವರ್ಷದ ದಾಖಲೆ ಚೆನ್ನಾಗಿದ್ದುದರಿಂದ ಸಮಿತಿ ಅವರನ್ನೂ ಕರೆಯಿತು, ಹೀಗೆ ಎರಡು ತಂಡಗಳು ಹೋದವು.

ಹಾರ್ವರ್ಡ್, ಪ್ರಿನ್ಸ್‌ಟನ್‌ನಂಥ ವಿಶ್ವವಿದ್ಯಾಲಯಗಳ ಕಾನ್ಫರೆನ್ಸ್ ಆದ ಐವಿ ಲೀಗ್ 2017ರವರೆಗೂ ಟೂರ್ನಿಯನ್ನೇ ಆಡಿಸುತ್ತಿರಲಿಲ್ಲ. ಅಂಕಣದಂಚು ಅವರು ಕೇಳುವ ಪದ್ಧತಿ ಅಲ್ಲಿತ್ತು, ಲೀಗ್ ಗೆದ್ದವರಿಗೆ ಸ್ಥಾನ. 2015ರಲ್ಲಿ ಪ್ರಿನ್ಸ್‌ಟನ್ 30 ಪಂದ್ಯಗಳಲ್ಲಿ 30ನ್ನೂ ಗೆದ್ದು ನೇರವಾಗಿ ಹೋಯಿತು. ಆ ಕಾಲದಲ್ಲಿ ಆ ಲೀಗ್‌ನ ಎರಡನೆಯ ತಂಡದ ಮೇಲೆ ಸಮಿತಿಯ ಕಣ್ಣು ಬೀಳುವುದು ಬಹಳ ಅಪರೂಪವಾಗಿತ್ತು. ಟೂರ್ನಿ ಬಂದ ಮೇಲೆ, 2025ರಲ್ಲಿ, ಹಾರ್ವರ್ಡ್ ಫೈನಲ್‌ನಲ್ಲಿ ಕೊಲಂಬಿಯಾವನ್ನು ಸೋಲಿಸಿ ನೇರ ಸ್ಥಾನ ಪಡೆಯಿತು. ಕೊಲಂಬಿಯಾ, ಪ್ರಿನ್ಸ್‌ಟನ್ ಎರಡನ್ನೂ ಸಮಿತಿ ಕರೆಯಿತು. ಒಂದೇ ಐವಿ ಲೀಗ್‌ನಿಂದ ಮೂರು ತಂಡ ಹೋದದ್ದು ಅದೇ ಮೊದಲು. ಇದಕ್ಕೆ ಟೂರ್ನಿಯೊಂದೇ ಕಾರಣವಲ್ಲ. ಆ ತಂಡಗಳು ಋತುವಿನ ಆರಂಭದಲ್ಲಿ ಬಲಿಷ್ಠರ ವಿರುದ್ಧ ಪಂದ್ಯ ಗೊತ್ತುಮಾಡಿಕೊಂಡು ತಮ್ಮ ಮೌಲ್ಯ ಸಾಬೀತು ಮಾಡಿದ್ದವು. ಆದರೂ ದಾರಿ ಅಲ್ಲೇ ಇದೆ ಎಂದು ನನ್ನ ನಂಬಿಕೆ.

ಇನ್ನೊಂದು ವಿಷಯ. 2024ರಿಂದ ಎನ್‌ಸಿಎಎ 32 ತಂಡಗಳ ಎರಡನೆಯ ಟೂರ್ನಿಯೊಂದನ್ನು, ಡಬ್ಲ್ಯುಬಿಐಟಿ ಎಂದು, ನಡೆಸುತ್ತಿದೆ. ಲೀಗ್ ಗೆದ್ದು ನಾಕೌಟ್‌ನಲ್ಲಿ ಎಡವಿ ರಾಷ್ಟ್ರೀಯ ಟೂರ್ನಿ ತಪ್ಪಿಸಿಕೊಂಡವರಿಗೆ ಅಲ್ಲಿ ಸ್ಥಾನವಿದೆ. ಮಾರ್ಚ್ ಎರಡನೆಯ ವಾರದಲ್ಲೇ ಬೂಟು ಬಿಚ್ಚಬೇಕಾಗಿಲ್ಲ.

ಟೈಮ್‌ಔಟ್, ಧಾರವಾಡ

ಏಣಿಯ ಪದ್ಧತಿ ನನಗೂ ಒಪ್ಪಿಗೆ. ಆದರೆ ಈ ಟೂರ್ನಿಗಳು ಏಕೆ ಬೆಳೆದವು ಎಂಬುದನ್ನೂ ನೋಡಬೇಕು. ಶಿಕ್ಷಣ ಸಂಸ್ಥೆಗಳಲ್ಲಿ ಲಿಂಗ ತಾರತಮ್ಯ ನಿಷೇಧಿಸಿದ ಟೈಟಲ್ ನೈನ್ ಕಾನೂನು ಬಂದದ್ದು 1972ರಲ್ಲಿ. ಎಸಿಸಿ ಎಂಬ ಕಾನ್ಫರೆನ್ಸ್‌ನ ಮೊದಲ ಮಹಿಳಾ ಟೂರ್ನಿ 1978ರಲ್ಲಿ ವರ್ಜೀನಿಯಾದ ಶಾರ್ಲಟ್ಸ್‌ವಿಲ್‌ನಲ್ಲಿ ನಡೆಯಿತು. ಆಗ ಎನ್‌ಸಿಎಎ ಮಹಿಳೆಯರಿಗೆ ರಾಷ್ಟ್ರೀಯ ಟೂರ್ನಿ ನಡೆಸುತ್ತಲೇ ಇರಲಿಲ್ಲ, ಅದು ಶುರುವಾದದ್ದು 1982ರಲ್ಲಿ. ಅಂದರೆ ಕಾನ್ಫರೆನ್ಸ್ ಟೂರ್ನಿ ಅದಕ್ಕಿಂತ ಹಿರಿಯದು. ಹೆಣ್ಣುಮಕ್ಕಳ ಆಟವನ್ನು ಜನ ದುಡ್ಡು ಕೊಟ್ಟು ನೋಡುತ್ತಾರೆ ಎಂದು ವರ್ಷ ವರ್ಷವೂ ತೋರಿಸುತ್ತಾ ಬಂದ ವೇದಿಕೆಗಳಲ್ಲಿ ಇದೂ ಒಂದು.

ದುಡ್ಡಿನ ಮಾತು ಬಂದಿದ್ದರಿಂದ ಹೇಳುತ್ತೇನೆ. ಪುರುಷರ ರಾಷ್ಟ್ರೀಯ ಟೂರ್ನಿಯಲ್ಲಿ ಆಡಿದ ಪಂದ್ಯಗಳಿಗೆ ತಕ್ಕಂತೆ ಕಾನ್ಫರೆನ್ಸ್‌ಗೆ ಹಣ ಬರುವ ಪದ್ಧತಿ ದಶಕಗಳಿಂದ ಇತ್ತು. ಮಹಿಳೆಯರಿಗೆ ಅದು ಬಂದದ್ದು 2025ರಲ್ಲಿ. 2021ರಲ್ಲಿ ಸ್ಯಾನ್ ಆಂಟೋನಿಯೊದಲ್ಲಿ ಮಹಿಳಾ ತಂಡಗಳಿಗೆ ಕೊಟ್ಟಿದ್ದ ಒಂದು ಸಣ್ಣ ಡಂಬೆಲ್ ಗೂಡಿನ ವಿಡಿಯೊವನ್ನು ಆಟಗಾರ್ತಿ ಸೆಡೋನಾ ಪ್ರಿನ್ಸ್ ಜಗತ್ತಿಗೆ ತೋರಿಸಿದ ಮೇಲೆ ಎಷ್ಟೋ ಬಾಗಿಲು ತೆರೆದವು. ‘ಮಾರ್ಚ್ ಮ್ಯಾಡ್ನೆಸ್’ ಎಂಬ ಹೆಸರನ್ನು ಮಹಿಳಾ ಟೂರ್ನಿಗೆ ಬಳಸಲು ಆರಂಭಿಸಿದ್ದೂ 2022ರಿಂದ.

ಈಗ ಸಣ್ಣ ಕಾನ್ಫರೆನ್ಸ್‌ನಿಂದ ಹೋದ ಒಂದು ತಂಡ ಆಡುವ ಒಂದೊಂದು ಪಂದ್ಯಕ್ಕೂ ಬೆಲೆಯಿದೆ. ಆದ್ದರಿಂದ ಅಂಕಣದಂಚು ಅವರ ವಾದಕ್ಕೆ ಹೊಸ ಬಲ ಬಂದಿದೆ ಎಂದು ನಾನೇ ಒಪ್ಪಿಕೊಳ್ಳುತ್ತೇನೆ. ಅತ್ಯುತ್ತಮ ತಂಡವನ್ನೇ ಕಳುಹಿಸಬೇಕೆಂಬ ಒತ್ತಾಯ ಹೆಚ್ಚುತ್ತದೆ, ಲೀಗ್ ಗೆದ್ದವರಿಗೆ ಹೆಚ್ಚು ರಕ್ಷಣೆ ಸಿಗುತ್ತದೆ.

ತುಂಗಾತೀರ, ಶಿವಮೊಗ್ಗ

ನಾನು ಆಟದವಳಲ್ಲ, ಆಟಗಾರ್ತಿಯ ತಾಯಿ. ಮಗಳಿಗೆ ಹದಿನಾರು, ಪಿಯುಸಿ ಮೊದಲ ವರ್ಷ. ಈ ಚರ್ಚೆಯನ್ನು ತೋರಿಸಿದ್ದು ಅವಳೇ. ಸಂಜನಾ ರಮೇಶ್ ಅವರ ಹೆಸರು ಓದಿ ನನ್ನನ್ನು ಕೇಳುತ್ತಿದ್ದಾಳೆ, “ಅಮ್ಮ, ಅಲ್ಲಿಗೆ ಹೋಗುವುದು ಹೇಗೆ?” ನನಗೆ ಉತ್ತರ ಗೊತ್ತಿಲ್ಲ. ಹಣ ಎಷ್ಟು ಬೇಕಾಗುತ್ತದೆ? ಸೋತರೆ ವಿದ್ಯಾರ್ಥಿವೇತನ ಕಿತ್ತುಕೊಳ್ಳುತ್ತಾರೆಯೆ? ತಿಳಿದವರು ದಯವಿಟ್ಟು ಹೇಳಿ.

ಹಿಮದೂರಿನ ಕನ್ನಡತಿ, ಮಿನಿಯಾಪೊಲಿಸ್

ತುಂಗಾತೀರ ಅಕ್ಕ, ಒಂದು ಟೂರ್ನಿಯಲ್ಲಿ ಸೋತರೆಂದು ಯಾರ ವಿದ್ಯಾರ್ಥಿವೇತನವನ್ನೂ ಕಿತ್ತುಕೊಳ್ಳುವುದಿಲ್ಲ, ಆ ಭಯ ಬೇಡ. ಮೇಲಿನ ದರ್ಜೆಯ ಮಹಿಳಾ ತಂಡಗಳು ಹದಿನೈದು ಆಟಗಾರ್ತಿಯರವರೆಗೆ ಪೂರ್ಣ ವಿದ್ಯಾರ್ಥಿವೇತನ ಕೊಡಬಹುದು. ಐವಿ ಲೀಗ್ ಮಾತ್ರ ಆಟಕ್ಕೆಂದು ವೇತನ ಕೊಡುವುದಿಲ್ಲ, ಅಲ್ಲಿ ಕುಟುಂಬದ ಆದಾಯ ನೋಡಿ ನೆರವು ಕೊಡುತ್ತಾರೆ. ಸಂಜನಾ ಅವರು ಎನ್‌ಬಿಎ ಅಕಾಡೆಮಿಯ ಮಹಿಳಾ ಕಾರ್ಯಕ್ರಮದಿಂದ ಬಂದವರು. ಅಂಥ ಶಿಬಿರಗಳಲ್ಲಿ ಆಡಿದರೆ ಇಲ್ಲಿನ ತರಬೇತುದಾರರ ಕಣ್ಣಿಗೆ ಬೀಳುವುದು ಸುಲಭ. ಅವಳ ಪೂರ್ಣ ಪಂದ್ಯಗಳನ್ನು ಈಗಿನಿಂದಲೇ ಚಿತ್ರೀಕರಿಸಿ ಇಡಿ, ಗೆದ್ದದ್ದು ಮಾತ್ರವಲ್ಲ, ಸೋತದ್ದನ್ನೂ. ಅಂಕಪಟ್ಟಿಗಳೂ ಅಷ್ಟೇ ಮುಖ್ಯ, ಓದು ಕೈಬಿಟ್ಟರೆ ಇಲ್ಲಿ ಆಡಲು ಬಿಡುವುದಿಲ್ಲ.

ಮಗಳಿಗೆ ಕಮಿಲಾ ಕಾರ್ಡೋಸೊ ಅವರ ಎರಡು ದಿನಗಳ ಕಥೆ ಹೇಳಿ. ಅವರೂ ಹೊರದೇಶದಿಂದ, ಬ್ರೆಜಿಲ್‌ನಿಂದ ಬಂದವರು. 2024ರ ಎಸ್‌ಇಸಿ ಸೆಮಿಫೈನಲ್‌ನಲ್ಲಿ ಟೆನೆಸಿ ವಿರುದ್ಧ ಸೌತ್ ಕೆರೊಲಿನಾ ಎರಡು ಅಂಕ ಹಿಂದಿತ್ತು, ಗಡಿಯಾರದಲ್ಲಿ ಒಂದು ಸೆಕೆಂಡಿನಷ್ಟು ಉಳಿದಿತ್ತು. ಎತ್ತರದ ಈ ಸೆಂಟರ್ ಆಟಗಾರ್ತಿ ಕಾಲೇಜಿನಲ್ಲಿ ಅದುವರೆಗೆ ಒಂದೂ ಮೂರು ಪಾಯಿಂಟ್ ಗಳಿಸಿದವರಲ್ಲ. ಚೆಂಡು ಅವರ ಕೈಗೇ ಬಂತು. ಹಲಗೆಗೆ ಬಡಿದು ಒಳಗೆ ಬಿತ್ತು: 74-73. ಮರುದಿನ ಲೂಯಿಸಿಯಾನಾ ಸ್ಟೇಟ್ (ಎಲ್‌ಎಸ್‌ಯು) ವಿರುದ್ಧದ ಫೈನಲ್‌ನಲ್ಲಿ ಎದುರಾಳಿಯೊಬ್ಬರನ್ನು ತಳ್ಳಿ ಅಂಕಣದಿಂದ ಹೊರಹಾಕಿಸಿಕೊಂಡರು, ರಾಷ್ಟ್ರೀಯ ಟೂರ್ನಿಯ ಮೊದಲ ಪಂದ್ಯಕ್ಕೂ ನಿಷೇಧ ಬಿತ್ತು. ಕ್ಷಮೆ ಕೇಳಿದರು, ಮತ್ತೆ ಆಡಿದರು, ಏಪ್ರಿಲ್‌ನಲ್ಲಿ ತಂಡ ಒಂದೂ ಸೋಲಿಲ್ಲದೆ 38-0 ಎಂದು ಚಾಂಪಿಯನ್ ಆದಾಗ ಅಂತಿಮ ಘಟ್ಟದ ಶ್ರೇಷ್ಠ ಆಟಗಾರ್ತಿ ಅವರೇ.

ಪೀಟಿ ಮೇಡಂ, ಮೈಸೂರು

ತುಂಗಾತೀರ ಅವರೇ, ಮಗಳು ಆಡುವ ಸ್ಥಾನ ಯಾವುದು? ಎಡಗೈಯಲ್ಲಿ ಲೇಅಪ್ ಹಾಕುತ್ತಾಳೆಯೆ? ಇಲ್ಲವಾದರೆ ಇಂದಿನಿಂದ ದಿನಕ್ಕೆ ಐವತ್ತು. ಬೇಸಿಗೆ ರಜೆಯಲ್ಲಿ ಮೈಸೂರಿಗೆ ಕಳುಹಿಸುವುದಾದರೆ ನಮ್ಮ ಮನೆಯಲ್ಲೇ ಇರಬಹುದು.

ತುಂಗಾತೀರ, ಶಿವಮೊಗ್ಗ

ಪಾಯಿಂಟ್ ಗಾರ್ಡ್, ಮೇಡಂ. ಎಡಗೈ ಇನ್ನೂ ಸರಿಯಿಲ್ಲ ಎಂದು ಅವಳೇ ಹೇಳುತ್ತಿದ್ದಾಳೆ. ನಿಮ್ಮ ಮಾತು ಓದಿ ಚೆಂಡು ಹಿಡಿದುಕೊಂಡು ಹೊರಗೆ ಹೋದಳು, ಇನ್ನೂ ಬಂದಿಲ್ಲ. ಅವಳು ಬಂದ ಮೇಲೆ ಮಾತನಾಡಿ ರಜೆಯ ವಿಷಯ ತಿಳಿಸುತ್ತೇನೆ.

ಅಂಕಣದಂಚು, ಬೆಂಗಳೂರು

ಲೀಗ್ ಗೆದ್ದವರಿಗೇ ಸ್ಥಾನ ಎಂಬ ನನ್ನ ಹಟವನ್ನು ಸಡಿಲಿಸುತ್ತೇನೆ, ಏಣಿಯ ಪದ್ಧತಿ ಬಿಗ್ ಸ್ಕೈಗೂ ಬರಲಿ ಎಂದು ಬಯಸುತ್ತೇನೆ. ನಾರ್ದರ್ನ್ ಅರಿಜೋನಾ ಬಗೆಗಿನ ನೋವು ಮಾತ್ರ ಹಾಗೇ ಇದೆ. 2006ರಲ್ಲಿ ರಾಷ್ಟ್ರೀಯ ಟೂರ್ನಿ ಆಡಿದ್ದ ತಂಡ ಅದು, ಮತ್ತೊಮ್ಮೆ ಅಲ್ಲಿ ಆಡುವುದನ್ನು ನೋಡುವ ಆಸೆ ನನಗಿದೆ.

ಮೇಡಂ, ನೀವು ಹೇಳಿದ ಲೀಗ್ ಮಾತು ತಲೆಯಿಂದ ಹೋಗುತ್ತಿಲ್ಲ. ಬೆಂಗಳೂರಿನಲ್ಲಿ ಭಾನುವಾರ ಬೆಳಿಗ್ಗೆ ನಾವು ಹಳೆಯ ಆಟಗಾರ್ತಿಯರು ಹನ್ನೊಂದು ಮಂದಿ ಸೇರುತ್ತೇವೆ. ನಾಲ್ಕು ಕಾಲೇಜುಗಳ ಹುಡುಗಿಯರನ್ನು ಸೇರಿಸಿ ಜೂನ್‌ನಿಂದ ವಾರಕ್ಕೊಂದು ಪಂದ್ಯ ಆಡಿಸಲು ಸಾಧ್ಯವೇ ಎಂದು ಈ ವಾರ ಅವರನ್ನು ಕೇಳುತ್ತೇನೆ. ಅಂಕಣ ಸಿಗುತ್ತದೆ. ಬೇಕಾಗಿರುವುದು ಇಬ್ಬರು ಅಂಪೈರ್‌ಗಳು ಮತ್ತು ಅಂಕ ಬರೆಯಲು ಒಬ್ಬರು. ಬರಬಲ್ಲವರು ಇಲ್ಲಿಯೇ ಹೆಸರು ಹೇಳಿ.

ಲೆಕ್ಕದ ಪುಸ್ತಕ, ಮಂಗಳೂರು

ಅಂಕ ಬರೆಯಲು ನಾನು ಬರುತ್ತೇನೆ. ಶನಿವಾರ ರಾತ್ರಿಯ ಬಸ್ಸಿದೆ.